ಇವತ್ತಿನ ಚಂದ್ರ ಯಾವ ಪಕ್ಷದವನು, ನೀವು ಹುಟ್ಟಿದ್ದು ಯಾವ ತಿಥಿ? ಮುಂಬೈ-ಪುಣೆಯ ಕನ್ನಡಿಗರಿಗೊಂದು ಮಾರ್ಗದರ್ಶಿ

ಸಂಕಷ್ಟಿ ಹತ್ತಿರ ಬಂದರೆ ಸಾಕು, ಅದೇ ಪ್ರಶ್ನೆಗಳು ಶುರು. ಬೆಂಗಳೂರಿನಿಂದ ಅಮ್ಮ ಕಳಿಸಿದ ಕ್ಯಾಲೆಂಡರ್‌ನಲ್ಲಿ ಚಂದ್ರೋದಯ ಒಂದು ಹೊತ್ತಿಗೆ, ಇಲ್ಲಿ ಗೋಡೆಗೆ ನೇತುಹಾಕಿದ ಕಾಲನಿರ್ಣಯದಲ್ಲಿ ಇನ್ನೊಂದು ಹೊತ್ತಿಗೆ. ಯಾವುದನ್ನು ನೋಡಿ ಉಪವಾಸ ಬಿಡೋದು? ಪಕ್ಕದ ಮನೆಯ ಉತ್ತರಪ್ರದೇಶದವರಿಗೆ ಶ್ರಾವಣ ಆಗಲೇ ಬಂದಿದೆ, ನಮಗೆ ಯಾಕೆ ಬಂದಿಲ್ಲ? ಮಗಳು ಅಮಾವಾಸ್ಯೆ ದಿನ ಹುಟ್ಟಿದಳು, ಏನಾದರೂ ದೋಷವಾ? ಕಾಲೇಜಿಗೆ ಹೋಗುವ ಮಕ್ಕಳ ಪ್ರಶ್ನೆ ಬೇರೆ. ಅಮಾವಾಸ್ಯೆಗೆ ಸಂಕಲ್ಪ ಬರೆದಿಡಬೇಕಂತೆ, ಹುಣ್ಣಿಮೆಗೆ ಬೇಡದ್ದನ್ನೆಲ್ಲ ಮನಸ್ಸಿನಿಂದ ತೆಗೆದುಹಾಕಬೇಕಂತೆ, ಇನ್‌ಸ್ಟಾಗ್ರಾಮಿನಲ್ಲಿ ಬಂದಿದೆ, ನಿಜವಾ?

ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಟ್ಟಿಗೆ ಬರೆದಿದ್ದೇನೆ. ನನ್ನ ಹಟ ಒಂದೇ. ಮೊದಲು ಆಕಾಶ ನೋಡಿ, ಆಮೇಲೆ ಪಂಚಾಂಗ ತೆಗೆಯಿರಿ, ಅರ್ಥ ಹುಡುಕೋದು ಕೊನೆಗೆ. ನಮ್ಮ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಚಂದ್ರ ಯಾವ ಕಡೆ ಹುಟ್ಟಿದ ಅಂತ ನೋಡಿರುವುದಿಲ್ಲ, ಆಗಲೇ ಶಾಂತಿ ಮಾಡಿಸೋಕೆ ದುಡ್ಡು ಕಳಿಸಿರುತ್ತಾರೆ.

ಬೇಕಾದ ಸಾಮಾನು ಇಷ್ಟು: ಗ್ಯಾಲರಿ ಅಥವಾ ಬಿಲ್ಡಿಂಗಿನ ಟೆರೇಸ್, ನೀವು ಇರುವ ಊರಿನ ಪಂಚಾಂಗ, ಒಂದು ನಿಂಬೆಹಣ್ಣು, ಒಂದು ನೋಟ್‌ಬುಕ್. ಕಾಲನಿರ್ಣಯ ಕನ್ನಡದಲ್ಲೂ ಬರುತ್ತದೆ. ಮರಾಠಿ ಓದುವವರಿಗೆ ಸೊಲ್ಲಾಪುರದ ದಾತೆ ಪಂಚಾಂಗ ಇದೆ. ದುರ್ಬೀನು ಬೇಡ. ಶುರು ಮಾಡೋದಕ್ಕೆ ನವರಾತ್ರಿ ಕಳೆದ ಮೇಲಿನ ತಿಂಗಳುಗಳು ಒಳ್ಳೆಯವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮೋಡದಲ್ಲಿ ಚಂದ್ರನನ್ನು ಹುಡುಕಿ ಬೇಜಾರು ಮಾಡಿಕೊಳ್ಳಬೇಡಿ.

1. ನಿಮ್ಮ ಕಿಟಕಿಗೆ ಬರುವ ಚಂದ್ರ ಯಾರು

ಜುಹು, ದಾದರ್ ಕಡೆಯವರಿಗೆ ಸಮುದ್ರ ಇರುವ ದಿಕ್ಕೇ ಪಶ್ಚಿಮ. ಗೋವಾದವರಿಗೂ ಹಾಗೇ. ಪುಣೆ, ಡೊಂಬಿವಲಿಯವರು ಸೂರ್ಯ ಯಾವ ಬಿಲ್ಡಿಂಗಿನ ಹಿಂದೆ ಇಳಿಯುತ್ತಾನೆ ನೋಡಿಟ್ಟುಕೊಳ್ಳಿ.

ಪಶ್ಚಿಮಕ್ಕೆ ಕಿಟಕಿ ಇದ್ದರೆ ಸಂಜೆ ಹೊತ್ತು ನಿಮಗೆ ಸಿಗುವವನು ಶುಕ್ಲ ಪಕ್ಷದ ಚಂದ್ರ, ಅಂದರೆ ಅಮಾವಾಸ್ಯೆ ಕಳೆದು ಹುಣ್ಣಿಮೆ ಕಡೆಗೆ ಬೆಳೆಯುತ್ತಿರುವವನು. ಪೂರ್ವಕ್ಕೆ ಕಿಟಕಿ ಇದ್ದರೆ ಹುಣ್ಣಿಮೆಯ ಚಂದ್ರ, ಮತ್ತೆ ಅದಾದ ಮೇಲೆ ದಿನಾ ತಡವಾಗಿ ಹುಟ್ಟುವ ಕೃಷ್ಣ ಪಕ್ಷದ ಚಂದ್ರ. ಎಷ್ಟೋ ವರ್ಷ ಒಂದೇ ಫ್ಲ್ಯಾಟಿನಲ್ಲಿದ್ದು 'ನಮಗೆ ಬಿದಿಗೆ ಚಂದ್ರ ಕಾಣೋದೇ ಇಲ್ಲ' ಅನ್ನುವವರ ಮನೆ ನೋಡಿ, ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತದೆ.

2. ನಿಂಬೆಹಣ್ಣು ಹಿಡಿದು ನೋಡಿ

ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣದಾಗುತ್ತಾನೆ ಅಂತ ಓದಿದವರೂ ಹೇಳುತ್ತಾರೆ. ತಪ್ಪು. ನೆರಳು ಬೀಳೋದು ಗ್ರಹಣದಲ್ಲಿ ಮಾತ್ರ. ಚಂದ್ರನ ಅರ್ಧಭಾಗಕ್ಕೆ ಯಾವಾಗಲೂ ಬಿಸಿಲಿರುತ್ತದೆ. ಆ ಬಿಸಿಲಿನ ಅರ್ಧದಲ್ಲಿ ಎಷ್ಟು ನಮ್ಮ ಕಡೆ ತಿರುಗಿದೆ ಅನ್ನೋದಷ್ಟೇ ದಿನದಿನಕ್ಕೆ ಬದಲಾಗುವುದು.

ನಂಬಿಕೆ ಬರದಿದ್ದರೆ ಶುಕ್ಲ ಅಷ್ಟಮಿ ದಿನ ಸಂಜೆ ನಾಲ್ಕೂವರೆಗೆ ಟೆರೇಸಿಗೆ ಹೋಗಿ. ಆ ಹೊತ್ತಿಗೆ ಅರ್ಧಚಂದ್ರ ಪೂರ್ವದ ಕಡೆ ಮೇಲಕ್ಕೆ ಬಂದಿರುತ್ತಾನೆ, ಬಿಸಿಲೂ ಇರುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ನಿಂತು, ಕೈ ಪೂರ್ತಿ ಚಾಚಿ, ನಿಂಬೆಹಣ್ಣನ್ನು ಚಂದ್ರನ ಪಕ್ಕಕ್ಕೇ ಹಿಡಿಯಿರಿ. ಒಂದು ಕಣ್ಣು ಮುಚ್ಚಿ. ಹಣ್ಣಿನ ಬಲಗಡೆ ಅರ್ಧ ಹಳದಿಯಾಗಿ ಹೊಳೆಯುತ್ತಿರುತ್ತದೆ, ಎಡಗಡೆ ಅರ್ಧ ಮಂಕಾಗಿರುತ್ತದೆ, ನಡುವಿನ ಗೆರೆ ಒಂಚೂರು ಓರೆ. ಪಕ್ಕದ ಚಂದ್ರನಲ್ಲೂ ಅದೇ ಗೆರೆ, ಅದೇ ಓರೆ. ಎರಡಕ್ಕೂ ದೀಪ ಒಂದೇ, ಅಲ್ವಾ? ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿದರೆ ಮತ್ತೆ ಪಾಠ ಬೇಡ. ಬಹುಳ ಅಷ್ಟಮಿ, ಅಂದರೆ ಕೃಷ್ಣ ಪಕ್ಷದ ಅಷ್ಟಮಿ ಆದರೆ ಬೆಳಿಗ್ಗೆ ಎಂಟರ ಹೊತ್ತಿಗೆ ಮಾಡಿ. ಎರಡು ಸಲವೂ ಸೂರ್ಯನನ್ನು ನೇರವಾಗಿ ನೋಡಬೇಡಿ.

ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ? ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿದೆ. ಹೆಚ್ಚಿನ ಹುಣ್ಣಿಮೆಗಳಲ್ಲಿ ಆತ ನೆರಳಿನ ಮೇಲಿಂದಲೋ ಕೆಳಗಿಂದಲೋ ದಾಟಿಬಿಡುತ್ತಾನೆ.

3. ಗಡಿಯಾರ ನೋಡಿ ತಿಥಿ ಅಂದಾಜು ಮಾಡಿ

ಅಮಾವಾಸ್ಯೆಗೆ ಚಂದ್ರ ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತಾನೆ, ಹಾಗಾಗಿ ಕಾಣುವುದಿಲ್ಲ. ಹುಣ್ಣಿಮೆಗೆ ಸೂರ್ಯ ಮುಳುಗುವ ಹೊತ್ತಿಗೆ ಎದುರುಗಡೆ ಹುಟ್ಟುತ್ತಾನೆ. ನಡುವಿನ ದಿನಗಳಿಗೆ ಹಳಬರ ಲೆಕ್ಕ ಚೆನ್ನಾಗಿದೆ: ತಿಥಿಗೆ ಎರಡು ಘಳಿಗೆ. ಒಂದು ಘಳಿಗೆ ಅಂದರೆ 24 ನಿಮಿಷ, ಎರಡು ಘಳಿಗೆಗೆ 48 ನಿಮಿಷ.

ಶುಕ್ಲ ಪಕ್ಷದಲ್ಲಿ ತಿಥಿಯ ಸಂಖ್ಯೆಯನ್ನು 48ರಿಂದ ಗುಣಿಸಿ. ಸೂರ್ಯಾಸ್ತ ಆದ ಮೇಲೆ ಅಷ್ಟು ನಿಮಿಷ ಚಂದ್ರ ಆಕಾಶದಲ್ಲಿರುತ್ತಾನೆ. ಪಂಚಮಿಗೆ ಐದು ಸಲ 48, ಅಂದರೆ ನಾಲ್ಕು ಗಂಟೆ. ಸಂಜೆ ಆರೂವರೆಗೆ ಸೂರ್ಯ ಮುಳುಗಿದರೆ ರಾತ್ರಿ ಹತ್ತೂವರೆ ಸುಮಾರಿಗೆ ಚಂದ್ರ ಮುಳುಗುತ್ತಾನೆ. ಕೃಷ್ಣ ಪಕ್ಷದಲ್ಲಿ ಅದೇ ಲೆಕ್ಕ ಉಲ್ಟಾ, ಸೂರ್ಯಾಸ್ತ ಆಗಿ ಅಷ್ಟು ಹೊತ್ತಿನ ಮೇಲೆ ಚಂದ್ರ ಹುಟ್ಟುತ್ತಾನೆ. ಅರ್ಧ ಗಂಟೆ ಆಚೀಚೆ ಆಗುತ್ತದೆ, ಅಂದಾಜಿಗೆ ಅಷ್ಟು ಸಾಕು.

ಇಲ್ಲಿ ಎಡವುವ ಜಾಗ ಒಂದಿದೆ. ಚಂದ್ರನ ಕೊಂಬು ಎಡಕ್ಕಿದೆಯಾ ಬಲಕ್ಕಿದೆಯಾ ಅಂತ ನೋಡಿ ಪಕ್ಷ ಹೇಳುವ ಉಪಾಯ ಇಂಟರ್ನೆಟ್ಟಿನಲ್ಲಿ ಓಡಾಡುತ್ತದೆ. ಅದು ಯುರೋಪಿನ ಕಡೆಯವರಿಗೆ ಸರಿ. ಮುಂಬೈ ಇರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಬಿದಿಗೆ ಚಂದ್ರ ಎಷ್ಟೋ ತಿಂಗಳು ದೋಣಿಯ ಹಾಗೆ ಮಲಗಿರುತ್ತಾನೆ, ಎಡಬಲ ಎಲ್ಲಿ ಹುಡುಕುತ್ತೀರಿ? ಮೊಬೈಲಿನ ಚಂದ್ರನ ಚಿತ್ರಗಳೂ ಹೆಚ್ಚಾಗಿ ಆ ಕಡೆಯವರಿಗಾಗಿ ಬರೆದವೇ. ನೀವು ನೆನಪಿಡಬೇಕಾದ್ದು ಒಂದೇ, ಹೊಳೆಯುವ ಮಗ್ಗುಲು ಯಾವಾಗಲೂ ಸೂರ್ಯನ ಕಡೆಗಿರುತ್ತದೆ. ಸಂಜೆ ಪಶ್ಚಿಮದಲ್ಲಿ ತೆಳ್ಳಗೆ ಕಂಡರೆ ಬೆಳೆಯುವ ಚಂದ್ರ. ಬೆಳಗಿನ ಜಾವ ಪೂರ್ವದಲ್ಲಿ ತೆಳ್ಳಗೆ ಕಂಡರೆ ಕರಗುವ ಚಂದ್ರ.

4. ಪಂಚಾಂಗದ ಚೌಕ ಓದುವುದು

ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಹೋದರೆ ಒಂದು ತಿಥಿ. ಹೀಗೆ 30 ತಿಥಿ ಸೇರಿ ಒಂದು ಚಾಂದ್ರಮಾನ ತಿಂಗಳು, ಸರಾಸರಿ 29.53 ದಿನ. ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತಿರ ಬಂದಾಗ ಸುಮಾರು 3 ಲಕ್ಷ 56 ಸಾವಿರ ಕಿಲೋಮೀಟರ್, ದೂರ ಹೋದಾಗ 4 ಲಕ್ಷ 6 ಸಾವಿರ. ಹತ್ತಿರ ಇದ್ದಾಗ ಓಟ ಜಾಸ್ತಿ. ಆದ್ದರಿಂದ ಒಂದು ತಿಥಿ 20 ಗಂಟೆಯಲ್ಲೂ ಮುಗಿಯಬಹುದು, 26 ಗಂಟೆ ದಾಟಲೂಬಹುದು. ಸೂರ್ಯೋದಯದ ಹೊತ್ತಿಗೆ ಇರುವ ತಿಥಿಯೇ ಆ ದಿನದ ಹೆಸರು. ಒಂದು ತಿಥಿ ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೆ ಶುರುವಾಗಿ ಮರುದಿನ ಹುಟ್ಟುವ ಮೊದಲೇ ಮುಗಿದರೆ ಅದಕ್ಕೆ ದಿನವೇ ಸಿಗುವುದಿಲ್ಲ. ಅದು ಕ್ಷಯ ತಿಥಿ. ಎರಡು ಸೂರ್ಯೋದಯ ಕಂಡರೆ ವೃದ್ಧಿ. ಕ್ಯಾಲೆಂಡರ್ ತಪ್ಪು ಅಂತ ಗೊಣಗುವ ಮೊದಲು ಇದನ್ನು ನೋಡಿ.

ಹೆಸರುಗಳ ಗೊಂದಲ. ನಮ್ಮಲ್ಲಿ ಶುದ್ಧ, ಬಹುಳ. ಮರಾಠಿ ಪಂಚಾಂಗದಲ್ಲಿ ಶುದ್ಧ, ವದ್ಯ. ವದ್ಯ ಅಂದರೆ ಬಹುಳವೇ, ಕೃಷ್ಣ ಪಕ್ಷ.

ಹೊತ್ತಿನ ಗೊಂದಲ. ಕೆಲವು ಪಂಚಾಂಗಗಳಲ್ಲಿ ತಿಥಿ ಮುಗಿಯುವ ಹೊತ್ತು 26-10 ಅಂತಿರುತ್ತದೆ. ಗಾಬರಿ ಬೇಡ, 24 ಕಳೆಯಿರಿ, ಮರುದಿನ ಬೆಳಗಿನ ಜಾವ 2-10. ಮಠಗಳ ಪಂಚಾಂಗದಲ್ಲಿ ಘಳಿಗೆ ಲೆಕ್ಕ ಇದ್ದರೆ ಸೂರ್ಯೋದಯದಿಂದ ಎಣಿಸಿ, ಒಂದಕ್ಕೆ 24 ನಿಮಿಷ. ಕೆಲವು ಮಠಗಳು ಹಳೆಯ ಸಿದ್ಧಾಂತದ ಗಣಿತವನ್ನೇ ಇಟ್ಟುಕೊಂಡಿವೆ. ಅವುಗಳ ತಿಥಿಗೂ ಈಗಿನ ದೃಗ್ಗಣಿತದ, ಅಂದರೆ ಆಕಾಶಕ್ಕೆ ತಾಳೆ ನೋಡಿದ ಲೆಕ್ಕದ ತಿಥಿಗೂ ಕೆಲವು ಗಂಟೆ ವ್ಯತ್ಯಾಸ ಬರುತ್ತದೆ. ಏಕಾದಶಿ ಎರಡು ಮನೆಗಳಲ್ಲಿ ಎರಡು ದಿನ ಬರೋದಕ್ಕೆ ಇದೂ ಒಂದು ಕಾರಣ. ವ್ರತಕ್ಕೆ ನಿಮ್ಮ ಮನೆತನದ ಪಂಚಾಂಗ, ಆಕಾಶ ನೋಡೋದಕ್ಕೆ ದೃಗ್ಗಣಿತ. ಎರಡನ್ನೂ ಬೆರೆಸಬೇಡಿ.

ಇನ್ನು ಪಕ್ಕದ ಮನೆಯ ಶ್ರಾವಣ. ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರೂ ಕಡೆ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದವರಿಗೆ ಹುಣ್ಣಿಮೆಗೆ ಮುಗಿಯುತ್ತದೆ. ಅದಕ್ಕೇ ಅವರ ಶ್ರಾವಣ ಹದಿನೈದು ದಿನ ಮುಂಚೆ. ಕೃಷ್ಣ ಜನ್ಮಾಷ್ಟಮಿ ನಮಗೆ ಶ್ರಾವಣದಲ್ಲಿ, ಅವರಿಗೆ ಭಾದ್ರಪದದಲ್ಲಿ, ಆದರೆ ದಿನ ಒಂದೇ. ಮುಂಬೈಯ ತುಳುವರದು ಇನ್ನೂ ಬೇರೆ. ಪಗ್ಗು, ಬೇಸ್ಯ ಅಂತ ಎಣಿಸುವ ಅವರ ತಿಂಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ, ಅಂದರೆ ಸೂರ್ಯನ ಲೆಕ್ಕ.

5. ಸಂಕಷ್ಟಿಗೆ ಯಾವ ಊರಿನ ಚಂದ್ರೋದಯ

ನೀವು ಇರುವ ಊರಿನದು. ಬೆಂಗಳೂರಿಗಿಂತ ಮುಂಬೈ ಪಶ್ಚಿಮಕ್ಕಿದೆ, ರೇಖಾಂಶದ ಲೆಕ್ಕದಲ್ಲೇ 19 ನಿಮಿಷ ತಡ. ಅಕ್ಷಾಂಶದ ವ್ಯತ್ಯಾಸದಿಂದ ಅದು ತಿಂಗಳಿಂದ ತಿಂಗಳಿಗೆ ಹೆಚ್ಚು ಕಡಿಮೆ ಆಗುತ್ತದೆ. ಮುಂಬೈಗೂ ಪುಣೆಗೂ ನಾಲ್ಕೇ ನಿಮಿಷ. ಅಮ್ಮನ ಕ್ಯಾಲೆಂಡರ್ ಸುಳ್ಳಲ್ಲ, ಅದು ಅಮ್ಮನ ಊರಿಗೆ ಬರೆದದ್ದು.

ಮುಂಬೈಯಲ್ಲಿ ಸಂಕಷ್ಟಿಯ ಚಂದ್ರ ಕೆಲವು ತಿಂಗಳು ಎಂಟೂವರೆ ದಾಟಿ, ಕೆಲವು ತಿಂಗಳು ಹತ್ತರ ಹತ್ತಿರ ಹುಟ್ಟುತ್ತಾನೆ. ಪಂಚಾಂಗದ ಹೊತ್ತು ಬಯಲಿನ ದಿಗಂತಕ್ಕೆ ಹೇಳಿದ್ದು. ಎದುರಿಗೆ ಇಪ್ಪತ್ತು ಮಾಳಿಗೆ ಟವರ್ ಇದ್ದರೆ ಅದರ ತಲೆ ದಾಟೋದಕ್ಕೆ ಇನ್ನೂ ಒಂದು ಗಂಟೆ ಬೇಕಾಗಬಹುದು. ಅಷ್ಟು ಹೊತ್ತು ಹಸಿದು ಕೂರಬೇಡಿ. ಮಳೆಗಾಲದಲ್ಲಿ, ಮರೆಯಿದ್ದಾಗ ಪಂಚಾಂಗದ ಹೊತ್ತಿಗೆ ಅರ್ಘ್ಯ ಬಿಟ್ಟು ಊಟ ಮಾಡೋದು ಎಲ್ಲ ಮನೆಗಳಲ್ಲೂ ನಡೆದು ಬಂದದ್ದೇ. ಮಂಗಳವಾರ ಬಿದ್ದರೆ ಅಂಗಾರಕ ಸಂಕಷ್ಟಿ. ಅವತ್ತು ಪ್ರಭಾದೇವಿಯ ಸಿದ್ಧಿವಿನಾಯಕನ ಕಡೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ರಸ್ತೆ ತುಂಬಿರುತ್ತದೆ.

6. ಭರತಿ ನೋಡಿ

ಚಂದ್ರ ನಮ್ಮ ದಿನದ ಮೇಲೆ ಏನು ಮಾಡುತ್ತಾನೆ ಅಂತ ಕೇಳುವವರು ಮೊದಲು ಹಾಜಿ ಅಲಿಯ ದಾರಿ ನೋಡಬೇಕು. ಭರತಿ, ಅಂದರೆ ಉಬ್ಬರ ಬಂದಾಗ ದರ್ಗಾಕ್ಕೆ ಹೋಗುವ ದಾರಿಯೇ ನೀರಿನಡಿ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಎರಡರಲ್ಲೂ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ಎಳೆಯುವುದರಿಂದ ಒಂದೆರಡು ದಿನದೊಳಗೆ ದೊಡ್ಡ ಉಬ್ಬರ ಬರುತ್ತದೆ. ಕೋಳಿ ಜನ, ಅಂದರೆ ಇಲ್ಲಿನ ಮೀನುಗಾರರು, ಇದನ್ನು ಉಧಾಣ ಅನ್ನುತ್ತಾರೆ. ಅಷ್ಟಮಿ ಆಸುಪಾಸಿನ ಸಣ್ಣ ಉಬ್ಬರ ಭಾಂಗ. ಮುಂಬೈಯಲ್ಲಿ ಉಧಾಣದ ಉಬ್ಬರ ಹೆಚ್ಚುಕಡಿಮೆ ಮಧ್ಯಾಹ್ನ ಹನ್ನೆರಡು-ಒಂದಕ್ಕೆ, ಮತ್ತೆ ನಡುರಾತ್ರಿಗೆ. ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಹಿಂದೆ ಬೀಳುತ್ತ ಹೋಗುತ್ತದೆ. ಗೋವಾದಲ್ಲಿ ಏರಿಳಿತ ಇದಕ್ಕಿಂತ ತುಂಬ ಕಡಿಮೆ.

ಮಳೆಗಾಲದಲ್ಲಿ ಪಾಲಿಕೆ 4.5 ಮೀಟರಿಗಿಂತ ಎತ್ತರದ ಭರತಿಯ ದಿನಗಳನ್ನು ಮೊದಲೇ ಹೇಳುತ್ತದೆ. ಆ ಪಟ್ಟಿಯನ್ನು ಪಂಚಾಂಗದ ಜೊತೆ ಇಟ್ಟು ನೋಡಿ, ಹುಣ್ಣಿಮೆ-ಅಮಾವಾಸ್ಯೆಗಳು ತಾವಾಗಿ ಸಿಗುತ್ತವೆ. ಹಾಗಂತ ಬೇರೆ ದಿನ ಭಯವಿಲ್ಲ ಅಂತಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅವತ್ತಿಗೆ ಹುಣ್ಣಿಮೆ ಕಳೆದು ಐದು ದಿನವಾಗಿತ್ತು. ಆದರೂ ಮಧ್ಯಾಹ್ನದ ಭರತಿ ಮಳೆಯ ಜೊತೆ ಸೇರಿ ಮೋರಿಗಳ ನೀರು ಸಮುದ್ರಕ್ಕೆ ಹೋಗಲಿಲ್ಲ.

ಸಮುದ್ರವನ್ನೇ ಎಳೆಯುವ ಚಂದ್ರ ನಮ್ಮ ಮೈಯ ನೀರನ್ನು ಎಳೆಯಲ್ವಾ ಅನ್ನೋದು ಮುಂದಿನ ಪ್ರಶ್ನೆ. ಇಲ್ಲ. ಉಬ್ಬರ ಬರೋದು ಭೂಮಿಯ ಒಂದು ಮಗ್ಗುಲಿಗೂ ಇನ್ನೊಂದು ಮಗ್ಗುಲಿಗೂ ಎಳೆತದಲ್ಲಿ ವ್ಯತ್ಯಾಸ ಇರುವುದರಿಂದ, ಸಾವಿರಾರು ಕಿಲೋಮೀಟರಿನ ಅಂತರ ಬೇಕು ಅದಕ್ಕೆ. ಆರಡಿ ಮನುಷ್ಯನಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

7. ನೀವು ಹುಟ್ಟಿದ ತಿಥಿ ಹುಡುಕಿ

ಹುಟ್ಟಿದ ತಾರೀಖು, ಹೊತ್ತು, ಊರು ಮೂರೂ ಬೇಕು. ಹಳೆಯ ಪಂಚಾಂಗ ಸಿಕ್ಕರೆ ಸರಿ, ಇಲ್ಲದಿದ್ದರೆ ಆನ್‌ಲೈನ್ ಪಂಚಾಂಗಗಳು ಉಚಿತವಾಗಿಯೇ ತೋರಿಸುತ್ತವೆ, ಇದಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ. ಊರಿನ ಜಾಗದಲ್ಲಿ ಈಗಿರುವ ಊರಲ್ಲ, ಹುಟ್ಟಿದ ಊರು ಹಾಕಿ.

ನೋಡಬೇಕಾದ್ದು ನೀವು ಹುಟ್ಟಿದ ಗಳಿಗೆಯಲ್ಲಿ ನಡೆಯುತ್ತಿದ್ದ ತಿಥಿ. ಕ್ಯಾಲೆಂಡರ್ ಚೌಕದಲ್ಲಿ ಸಪ್ತಮಿ ಅಂತಿದ್ದು ಅದು ಬೆಳಿಗ್ಗೆ 11ಕ್ಕೆ ಮುಗಿದಿದ್ದರೆ, ಸಂಜೆ ಹುಟ್ಟಿದ ನೀವು ಅಷ್ಟಮಿಯವರು. ನಡುರಾತ್ರಿ ಕಳೆದು ಹುಟ್ಟಿದವರು ಜಾಸ್ತಿ ಎಚ್ಚರ ವಹಿಸಿ. ಇಂಗ್ಲಿಷ್ ತಾರೀಖು ಆಗಲೇ ಬದಲಾಗಿರುತ್ತದೆ, ಪಂಚಾಂಗದ ದಿನ ಸೂರ್ಯೋದಯದವರೆಗೆ ಹಿಂದಿನದೇ.

ಅಜ್ಜ ಅಜ್ಜಿಯ ಜಾತಕ ಹಿಡಿದು ಕೂತಿದ್ದರೆ ಇನ್ನೊಂದು ತೊಡಕು. ಮುಂಬೈಯಲ್ಲಿ 1955ರವರೆಗೆ ಬಾಂಬೆ ಟೈಮ್ ಅಂತ ಬೇರೆ ಗಡಿಯಾರ ನಡೆಯುತ್ತಿತ್ತು, ಭಾರತೀಯ ಕಾಲಮಾನಕ್ಕಿಂತ 39 ನಿಮಿಷ ಹಿಂದೆ. ಯಾವ ಗಡಿಯಾರದ ಹೊತ್ತು ಬರೆದಿಟ್ಟಿದ್ದಾರೆ ಕೇಳಿಕೊಳ್ಳಿ. ತಿಥಿ ಬದಲಾಗುವ ಗಳಿಗೆಗೆ ಹತ್ತಿರ ಹುಟ್ಟಿದವರಿಗೆ ಮಾತ್ರ ಇದರಿಂದ ವ್ಯತ್ಯಾಸ.

ಉತ್ತರ ಸರಿಯಿದೆಯಾ ಅಂತ ನೋಡೋದಕ್ಕೆ ಒಂದು ಒಳ್ಳೆ ಉಪಾಯ ಇದೆ. 19 ವರ್ಷಕ್ಕೆ ಸರಿಯಾಗಿ 235 ಚಾಂದ್ರಮಾನ ತಿಂಗಳು ಆಗುತ್ತದೆ. ಹಾಗಾಗಿ ನಿಮ್ಮ 19, 38, 57ನೇ ಹುಟ್ಟುಹಬ್ಬದ ತಾರೀಖಿಗೆ ಚಂದ್ರ ನೀವು ಹುಟ್ಟಿದ ದಿನದ ಆಕಾರಕ್ಕೇ ಬಂದಿರುತ್ತಾನೆ, ಒಂದು ದಿನ ಆಚೀಚೆ. ತಾಳೆ ಆಗದಿದ್ದರೆ ಎಲ್ಲೋ ತಾರೀಖು ತಪ್ಪಾಗಿದೆ. ಉಳಿದ ವರ್ಷಗಳಲ್ಲಿ ತಿಥಿ ವರ್ಷಕ್ಕೆ ಸುಮಾರು 11 ದಿನ ಮುಂಚೆ ಬರುತ್ತದೆ, ಅಧಿಕ ಮಾಸ ಬಿದ್ದಾಗ ಮತ್ತೆ ತಡವಾಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರದ್ದು ಅಧಿಕ ಜ್ಯೇಷ್ಠ.

ರಾಶಿ ಮತ್ತು ತಿಥಿ ಒಂದೇ ಅಲ್ಲ. ಚಂದ್ರ ಯಾವ ನಕ್ಷತ್ರಗಳ ಮುಂದೆ ಇದ್ದ ಅನ್ನೋದು ರಾಶಿ, ಸೂರ್ಯನಿಂದ ಎಷ್ಟು ದೂರ ಇದ್ದ ಅನ್ನೋದು ತಿಥಿ. ಒಂದೇ ರಾಶಿಯ ಇಬ್ಬರಲ್ಲಿ ಒಬ್ಬರು ಹುಣ್ಣಿಮೆಯವರು, ಇನ್ನೊಬ್ಬರು ಅಮಾವಾಸ್ಯೆಯವರು ಇರಬಹುದು.

8. ಈಗ ಅರ್ಥಕ್ಕೆ ಬನ್ನಿ

ಶಾಸ್ತ್ರದಲ್ಲಿ ತಿಥಿಗಳನ್ನು ಐದು ಗುಂಪು ಮಾಡಿದ್ದಾರೆ. ಪಾಡ್ಯ, ಷಷ್ಠಿ, ಏಕಾದಶಿ ನಂದಾ. ಬಿದಿಗೆ, ಸಪ್ತಮಿ, ದ್ವಾದಶಿ ಭದ್ರಾ. ತದಿಗೆ, ಅಷ್ಟಮಿ, ತ್ರಯೋದಶಿ ಜಯಾ. ಚೌತಿ, ನವಮಿ, ಚತುರ್ದಶಿ ರಿಕ್ತಾ, ಅಂದರೆ ಬರಿದು. ಪಂಚಮಿ, ದಶಮಿ, ಹುಣ್ಣಿಮೆ ಮತ್ತು ಅಮಾವಾಸ್ಯೆ ಪೂರ್ಣಾ. ಇದು ಮುಹೂರ್ತ ಇಡುವವರ ಅನುಕೂಲಕ್ಕೆ ಮಾಡಿದ ವಿಂಗಡಣೆ. ರಿಕ್ತಾ ತಿಥಿಯಲ್ಲಿ ಹುಟ್ಟಿದೆ ಅಂತ ಕೊರಗುವವರು ಸ್ವಲ್ಪ ಯೋಚಿಸಿ, ರಾಮ ಹುಟ್ಟಿದ್ದು ನವಮಿ, ಗಣಪತಿಯದ್ದು ಚೌತಿ.

ಅಮಾವಾಸ್ಯೆಯ ಮಕ್ಕಳ ಬಗ್ಗೆ ಖಂಡಿತವಾಗಿ ಹೇಳುತ್ತೇನೆ, ಹೆದರಬೇಡಿ. ದೀಪಾವಳಿಯಲ್ಲಿ ಅದೇ ಅಮಾವಾಸ್ಯೆಯಂದು ಲಕ್ಷ್ಮೀಪೂಜೆ ಮಾಡಿ ಈ ಊರಿನ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ದಲಾಲ್ ಸ್ಟ್ರೀಟಿನ ಷೇರುಪೇಟೆ ಅವತ್ತು ರಜೆ ಇದ್ದರೂ ಮುಹೂರ್ತದ ವ್ಯವಹಾರಕ್ಕೆ ಬಾಗಿಲು ತೆರೆಯುತ್ತದೆ. ದುಡ್ಡಿಗೆ ಒಳ್ಳೆಯದಾದ ದಿನ ಹೆಣ್ಣುಮಗುವಿಗೆ ಕೆಟ್ಟದ್ದು ಹೇಗೆ? ಸಂಬಂಧ ನೋಡುವಾಗ ಇದನ್ನು ಎತ್ತಿದವರಿಗೆ ಇದೇ ಮಾತು ಕೇಳಿ. ಆಪರೇಷನ್ ದಿನವನ್ನು ಮಾತ್ರ ಅಮಾವಾಸ್ಯೆ ಅಂತ ಮುಂದೂಡಬೇಡಿ, ಅದು ಡಾಕ್ಟರ್ ಹೇಳಿದ ದಿನವೇ ಆಗಲಿ.

ನನಗೆ ಅರ್ಥ ಜಾಸ್ತಿ ಕಂಡದ್ದು ಹುಣ್ಣಿಮೆ-ಅಮಾವಾಸ್ಯೆಗಳ ಹೆಸರುಗಳಲ್ಲಿ. ವಟಸಾವಿತ್ರಿ ಅಂತ ಇಲ್ಲಿ ಹೆಂಗಸರು ಆಲದ ಮರಕ್ಕೆ ದಾರ ಸುತ್ತುವ ದಿನವೇ ನಮ್ಮ ವಿಜಯಪುರ, ಕಲಬುರಗಿ ಕಡೆ ಕಾರಹುಣ್ಣಿಮೆ, ಎತ್ತು ಸಿಂಗರಿಸಿ ಕರಿ ಹರಿಯುವ ದಿನ. ವರ್ಸೋವಾದ ಕೋಳಿ ಮೀನುಗಾರರು ನಾರಳೀ ಪೌರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಡುವಾಗ ನಮ್ಮಲ್ಲಿ ನೂಲಹುಣ್ಣಿಮೆ. ಇಲ್ಲಿ ಕೋಜಾಗಿರಿಗೆ ಟೆರೇಸಿನಲ್ಲಿ ಮಸಾಲೆ ಹಾಲು ಕುದಿಯುವ ರಾತ್ರಿಯೇ ಊರಿನಲ್ಲಿ ಸೀಗಿ ಹುಣ್ಣಿಮೆ, ಹೊಲಕ್ಕೆ ಚರಗ ಚೆಲ್ಲುವುದು. ಆಷಾಢದ ಅಮಾವಾಸ್ಯೆ ನಮಗೆ ಭೀಮನ ಅಮಾವಾಸ್ಯೆ. ಇಲ್ಲಿನವರು ದೀಪ ಅಮಾವಾಸ್ಯೆ ಅನ್ನುತ್ತಾರೆ, ತಮಾಷೆಗೆ ಗಟಾರಿ, ಶ್ರಾವಣ ಹಿಡಿಯುವ ಮುಂಚೆ ಕೋಳಿ ಮಟನ್ನಿನ ಅಂಗಡಿಗೆ ಸಾಲು ಹಚ್ಚುವ ದಿನ. ನೀವು ಹುಟ್ಟಿದ್ದು ಯಾವ ತಿಂಗಳ ಯಾವ ಹುಣ್ಣಿಮೆಗೆ ಹತ್ತಿರ ಅಂತ ಹುಡುಕಿ, ಅವತ್ತು ಊರಿನಲ್ಲಿ ಏನು ಮಾಡುತ್ತಿದ್ದರು ಅಂತ ಅಮ್ಮನಿಗೆ ಫೋನ್ ಮಾಡಿ ಕೇಳಿ.

ಸಂಕಲ್ಪ ಬರೆಯೋದು, ಬಿಡೋದು? ಬರೆಯಿರಿ, ಹಾನಿಯಿಲ್ಲ. ಚಂದ್ರ ಅದನ್ನು ನೆರವೇರಿಸುತ್ತಾನೆ ಅನ್ನುವುದಕ್ಕೆ ಆಧಾರ ಇಲ್ಲ, ಆದರೆ ಹದಿನೈದು ದಿನಕ್ಕೊಮ್ಮೆ ಕೂತು ಲೆಕ್ಕ ನೋಡೋದು ಒಳ್ಳೆ ಅಭ್ಯಾಸ. ಅದಕ್ಕೆ ಬಿಟ್ಟಿ ಅಲಾರಂ ಸಿಕ್ಕಿದೆ ಅಂದುಕೊಳ್ಳಿ. ನಿದ್ದೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಪುರಾವೆ ಇದೆ. 2021ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಅರ್ಜೆಂಟೀನಾದ ಹಳ್ಳಿಗಳಲ್ಲೂ ಅಮೆರಿಕದ ಸಿಯಾಟಲ್ ನಗರದಲ್ಲೂ, ಹುಣ್ಣಿಮೆಗೆ ಮುಂಚಿನ ಕೆಲವು ರಾತ್ರಿ ಜನ ತಡವಾಗಿ ಮಲಗಿ ಕಡಿಮೆ ನಿದ್ದೆ ಮಾಡಿದ್ದು ಕಂಡಿತು.

ನಿಮ್ಮ ಮೇಲೆ ಏನಾಗುತ್ತದೆ ನೋಡಬೇಕೆಂದರೆ ನೋಟ್‌ಬುಕ್ ತೆಗೆಯಿರಿ. ದಿನಾ ಮಲಗುವ ಮುಂಚೆ ತಾರೀಖು, ಹಿಂದಿನ ರಾತ್ರಿಯ ನಿದ್ದೆ, ಇವತ್ತಿನ ಮನಸ್ಸು ಒಂದು ಸಾಲಿನಲ್ಲಿ ಬರೆಯಿರಿ. ತಿಥಿಯ ಕಾಲಂ ಖಾಲಿ ಬಿಡಿ. ಇದು ಮುಖ್ಯ. ಇವತ್ತು ಹುಣ್ಣಿಮೆ ಅಂತ ಗೊತ್ತಿದ್ದರೆ ಸುಮ್ನೆ ಬಂದ ಸಿಟ್ಟಿಗೂ ಚಂದ್ರನ ಹೆಸರು ಹಚ್ಚುತ್ತೀರಿ. ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಕೂತು ಪಂಚಾಂಗ ನೋಡಿ ತಿಥಿಗಳನ್ನು ತುಂಬಿ. ನಿದ್ದೆಗೆಟ್ಟ ರಾತ್ರಿಗಳು ಹುಣ್ಣಿಮೆ ಪಕ್ಕ ಗುಂಪಾಗಿದ್ದರೆ ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ ನೋಡಿ. ಭಾನುವಾರ ರಾತ್ರಿಗಳ ಪಕ್ಕ ಗುಂಪಾಗಿದ್ದರೆ ಅದಕ್ಕೆ ಕಾರಣ ನಿಮ್ಮ ಸೋಮವಾರದ ಆಫೀಸು.